ಅಕ್ಕಪಕ್ಕದ ದೇಶಗಳು ಕೂಡಿ ಪರಿಸರ ನೀತಿ ಮಾಡೋದು ನಮ್ಮ ಕಡೆ ಆಗೋ ಮಾತಾ?

ಹಳೇಪೇಟೆ ಹುಡುಗ (ದಾವಣಗೆರೆ):
ಎಲ್ರಿಗೂ ನಮಸ್ಕಾರ. ಕೆಎಎಸ್‌ಗೆ ಓದ್ತಾ ಇದೀನಿ, ಓದೋವಾಗ ಸಿಕ್ಕ ಒಂದು ವಿಷಯ ತಲೆಯಿಂದ ಹೋಗ್ತಾನೇ ಇಲ್ಲ, ಅದಕ್ಕೆ ಇಲ್ಲಿ ಹಾಕ್ತಿದೀನಿ. 1998ರಲ್ಲಿ ಮಾಲ್ಡೀವ್ಸ್‌ನ ಮಾಲೆಯಲ್ಲಿ ಎಂಟು ದೇಶ ಸೇರಿ, ನಮ್ಮದು, ಪಾಕಿಸ್ತಾನ, ಬಾಂಗ್ಲಾದೇಶ, ನೇಪಾಳ, ಭೂತಾನ್, ಶ್ರೀಲಂಕಾ, ಮಾಲ್ಡೀವ್ಸ್, ಜೊತೆಗೆ ಇರಾನ್, ಗಡಿ ದಾಟೋ ಹೊಗೆನ ಒಟ್ಟಿಗೆ ತಡೀತೀವಿ ಅಂತ ಒಂದು ಘೋಷಣೆ ಮಾಡಿದ್ವು. ಅದಕ್ಕೂ ಮುಂಚೆ 1982ರಲ್ಲೇ ದಕ್ಷಿಣ ಏಷ್ಯಾದ ಪರಿಸರ ಸಹಕಾರಕ್ಕೆ ಅಂತ ಸಾಸೆಪ್ ಅನ್ನೋ ಸಂಸ್ಥೆ ಶುರುವಾಗಿದೆ, ಕೊಲಂಬೋದಲ್ಲಿ ಆಫೀಸು. 2010ರಲ್ಲಿ ಥಿಂಪುದಲ್ಲಿ ಸಾರ್ಕ್ ದೇಶಗಳು ಪರಿಸರ ಒಪ್ಪಂದಕ್ಕೆ ಸಹಿನೂ ಹಾಕಿದ್ವು. ಅಂದ್ರೆ ಕಾಗದಕ್ಕೇನೂ ಬರ ಇಲ್ಲ. ಆದ್ರೆ ಚಳಿಗಾಲ ಬಂತು ಅಂದ್ರೆ ಲಾಹೋರ್, ಅಮೃತಸರ, ದಿಲ್ಲಿ ಮೂರೂ ಒಂದೇ ಹೊಗೆಲಿ ಮುಳುಗ್ತವೆ.

ಯುರೋಪ್‌ನೋರು 1979ರಲ್ಲಿ ಜಿನೀವಾದಲ್ಲಿ ಹೆಚ್ಚುಕಮ್ಮಿ ಇದೇ ಥರದ ಒಪ್ಪಂದ ಮಾಡ್ಕೊಂಡು ನಿಜವಾಗ್ಲೂ ಹೊಗೆ ಇಳಿಸಿದ್ರು. ನಮ್ಮಲ್ಲಿ ಯಾಕಾಗ್ಲಿಲ್ಲ? ಪಾಕಿಸ್ತಾನದ ಜೊತೆ ಜಗಳ ಅನ್ನೋದೊಂದೇ ಕಾರಣನಾ? ಇದು ಉತ್ತರದೋರ ವಿಷಯ ನಮಗ್ಯಾಕೆ ಅನ್ಬೇಡಿ ಮತ್ತೆ, ಕೇಂದ್ರ 2019ರಲ್ಲಿ ಶುರು ಮಾಡಿದ ಶುದ್ಧ ಗಾಳಿ ಯೋಜನೆ ಇದೆಯಲ್ಲ, ಎನ್‌ಕ್ಯಾಪ್, ಅದ್ರ ಪಟ್ಟಿಲಿ ಕರ್ನಾಟಕದ ನಾಲ್ಕೇ ಊರು: ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ಕಲಬುರಗಿ, ಆಮೇಲೆ ನಮ್ಮ ದಾವಣಗೆರೆ.

ಹೊಳೆಸಾಲು ಹರಿಹರ:
ತಮ್ಮಾ, ದೇಶ ದೇಶದ ಮಾತು ಆಮೇಲೆ ಇರ್ಲಿ. ನಮ್ಮ ತುಂಗಭದ್ರೆಯ ಎರಡು ದಂಡೆದು ಮೊದ್ಲು ಬಗೆಹರಿಸ್ರಿ ನೋಡಾನ. ಹೊಳೆ ಈಚೆ ದಾವಣಗೆರೆ ಜಿಲ್ಲೆ, ಆಚೆ ಹಾವೇರಿ ಜಿಲ್ಲೆ. ಆಚೆ ದಂಡೆ ಫ್ಯಾಕ್ಟರಿ ವಾಸನೆ ಈಚೆ ದಂಡೆ ಮನಿಯೊಳಗ ಬರ್ತೈತಿ. ಈಚೆ ಆಫೀಸಿಗೆ ಅರ್ಜಿ ಕೊಟ್ರೆ ಅದು ನಮ್ಮ ವ್ಯಾಪ್ತಿ ಅಲ್ಲ ಅಂತಾರೆ, ಆಚೆ ಆಫೀಸಿಗೆ ಹೋದ್ರೆ ನೀವು ನಮ್ಮ ಜಿಲ್ಲೆಯೋರಲ್ಲ ಅಂತಾರೆ. ಒಂದೇ ರಾಜ್ಯ, ಒಂದೇ ಸರ್ಕಾರ, ಒಂದೇ ಮಾಲಿನ್ಯ ನಿಯಂತ್ರಣ ಮಂಡಳಿ, ಒಂದೇ ಭಾಷೆ. ಇಲ್ಲೇ ಹಿಂಗಾದ್ರೆ ಇಸ್ಲಾಮಾಬಾದು, ದಿಲ್ಲಿ, ಢಾಕಾ ಕೂಡಿ ಏನು ಮಾಡ್ತಾವ ಹೇಳು. ನಂಗಂತೂ ನಂಬ್ಕಿ ಇಲ್ಲ.

ಕೆಮಿಸ್ಟ್ರಿ ಮೇಷ್ಟ್ರು (ಚಿತ್ರದುರ್ಗ):
ಪ್ರಶ್ನೆ ಚೆನ್ನಾಗಿದೆ. ಯುರೋಪ್ ಹೇಗೆ ಮಾಡ್ತು ಅನ್ನೋದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಅವರು ಒಳ್ಳೆ ಮನಸ್ಸಿನೋರು ನಾವು ಕೆಟ್ಟೋರು ಅನ್ನೋ ಥರ ಮಾತು ಹೋಗ್ಬಾರ್ದು. 1967ರಲ್ಲಿ ಸ್ವೀಡನ್ನಿನ ಮಣ್ಣಿನ ವಿಜ್ಞಾನಿ ಸ್ವಾಂಟೆ ಒಡೇನ್ ಪತ್ರಿಕೆಯೊಂದ್ರಲ್ಲಿ ಬರೆದ್ರು, ನಮ್ಮ ಮಳೆ ಆಮ್ಲ ಆಗ್ತಿದೆ, ಇದು ನಮ್ಮ ಚಿಮಣಿದಲ್ಲ, ಬ್ರಿಟನ್ ಮತ್ತೆ ಮಧ್ಯ ಯುರೋಪಿನ ಕಲ್ಲಿದ್ದಲ ಗಂಧಕ ಗಾಳಿಲಿ ಬಂದು ಇಲ್ಲಿ ಬೀಳ್ತಿದೆ ಅಂತ. ಬ್ರಿಟನ್ ಒಪ್ಪಲಿಲ್ಲ. ಜರ್ಮನಿ ಒಪ್ಪಲಿಲ್ಲ. ಆಗ ಸ್ವೀಡನ್, ನಾರ್ವೆ ಏನು ಮಾಡಿದ್ರು? ಬೈಕೊಂಡು ಕೂರ್ಲಿಲ್ಲ, 1972ರಲ್ಲಿ ವಿಶ್ವಸಂಸ್ಥೆಯ ಪರಿಸರ ಸಮ್ಮೇಳನವನ್ನೇ ಸ್ಟಾಕ್‌ಹೋಮ್‌ಗೆ ಕರೆಸ್ಕೊಂಡ್ರು, ಅದೇ ಹೊತ್ತಿಗೆ ಹಲವು ದೇಶ ಸೇರಿ ಅಳತೆ ಮಾಡೋ ಕೆಲಸ ಶುರುವಾಯ್ತು, ಯಾವ ದೇಶದಿಂದ ಎಷ್ಟು ಹೋಗುತ್ತೆ ಯಾವ ದೇಶಕ್ಕೆ ಎಷ್ಟು ಬರುತ್ತೆ ಅಂತ. ಅಂಕಿ ಮೇಜಿನ ಮೇಲೆ ಬಂದ್ಮೇಲೆ ಇಲ್ಲ ಅನ್ನೋದು ಕಷ್ಟ ಆಯ್ತು.

1979ರ ಒಪ್ಪಂದ ಓದಿ ನೋಡಿ, ಅದ್ರಲ್ಲಿ ಇಷ್ಟು ಪರ್ಸೆಂಟ್ ಇಳಿಸ್ತೀವಿ ಅನ್ನೋ ಒಂದು ಅಂಕಿನೂ ಇಲ್ಲ. ನಮ್ಮ ಮಾಲೆ ಘೋಷಣೆ ಎಷ್ಟು ಮೆತ್ತಗಿದೆಯೋ ಅದೂ ಅಷ್ಟೇ ಮೆತ್ತಗಿತ್ತು. ಆದ್ರೆ ಅದ್ರ ಒಳಗೆ ಇಎಂಇಪಿ ಅನ್ನೋ ಅಳತೆ ಜಾಲ ಇತ್ತು, 1984ರಲ್ಲಿ ಆ ಜಾಲಕ್ಕೆ ಯಾರು ಎಷ್ಟು ದುಡ್ಡು ಹಾಕ್ಬೇಕು ಅಂತಾನೇ ಒಂದು ಪ್ರತ್ಯೇಕ ಪ್ರೋಟೊಕಾಲ್ ಆಯ್ತು. ಅಂದ್ರೆ ಮೊದಲು ಅಳತೆಗೆ ದುಡ್ಡು. ಆಮೇಲೆ 1985ರಲ್ಲಿ ಹೆಲ್ಸಿಂಕಿಯಲ್ಲಿ, 1980ರ ಮಟ್ಟದಿಂದ ಗಂಧಕನ ಶೇ 30 ಇಳಿಸ್ಬೇಕು, 1993ರ ಒಳಗೆ, ಅಂತ. ಅದಕ್ಕೂ ಬ್ರಿಟನ್, ಅಮೆರಿಕ, ಪೋಲೆಂಡ್ ಸಹಿ ಹಾಕ್ಲಿಲ್ಲ. ಉಳಿದೋರು ಕಾಯ್ಲಿಲ್ಲ.

ಇನ್ನೊಂದು ಮಾತು. ಇದೆಲ್ಲ ಆಗಿದ್ದು ಶೀತಲ ಸಮರದ ನಡುವೆ. ಒಬ್ಬರ ಮೇಲೊಬ್ಬರು ಅಣ್ವಸ್ತ್ರ ಗುರಿ ಇಟ್ಕೊಂಡು ಕೂತಿದ್ದ ಎರಡು ಬಣ. ಆದ್ರೂ ಆ ಜಾಲದ ಲೆಕ್ಕಾಚಾರದ ಕೇಂದ್ರ ಒಂದು ಓಸ್ಲೋದಲ್ಲಿತ್ತು, ಇನ್ನೊಂದು ಮಾಸ್ಕೋದಲ್ಲಿತ್ತು. ಅದಕ್ಕೆ ಜಗಳ ಇದೆ, ಆದ್ದರಿಂದ ಆಗಲ್ಲ ಅನ್ನೋ ವಾದನ ನಾನು ಒಪ್ಪಲ್ಲ.

ಮೊಳಕಾಲ್ಮೂರು ಎಕ್ಸ್‌ಪ್ರೆಸ್:
ಮೇಷ್ಟ್ರೆ ನಿಮ್ಮ ಮೇಲೆ ಗೌರವ ಐತೆ, ಆದ್ರೆ ಇದು ಅರ್ಧ ಕಥೆ. ಬ್ರಿಟನ್‌ನಲ್ಲಿ ಗಂಧಕ ಇಳಿದಿದ್ದು ಒಪ್ಪಂದ ನೋಡಿ ಅಲ್ಲ, 80ರ ದಶಕದಾಗೆ ಕಲ್ಲಿದ್ದಲ ಗಣಿ ಮುಚ್ಚಿದ್ರು, ಆಮೇಲೆ ಉತ್ತರ ಸಮುದ್ರದ ಗ್ಯಾಸ್‌ನಾಗೆ ಕರೆಂಟು ಮಾಡಿದ್ರು. ಪೂರ್ವ ಜರ್ಮನಿ, ಪೋಲೆಂಡ್, ಜೆಕ್ ಕಡೆ 1990ರ ನಂತರ ಹಳೇ ಕಾರ್ಖಾನೆಗಳು ತಾವೇ ಬಾಗ್ಲು ಹಾಕಿದ್ವು. ಗಾಳಿ ತಾನಾಗೇ ಶುದ್ಧ ಆಯ್ತು, ಹೆಸರು ಮಾತ್ರ ಒಪ್ಪಂದಕ್ಕೆ ಬಂತು. ಜೊತೆಗೆ ಹೊಗೆ ಕಾರೋ ಕೆಲಸನೆಲ್ಲ ಚೀನಾಕ್ಕೂ ನಮಗೂ ಕಳ್ಸಿದ್ರು. ಭೀಮಸಮುದ್ರ, ಹೊಸದುರ್ಗ, ಹೊಳಲ್ಕೆರೆ ಕಡೆ ಅದಿರು ಲಾರಿ ಓಡಾಡಿ ರೋಡ್ ಬದಿ ಗಿಡ ಮರ ಎಲ್ಲ ಕೆಂಪಾಗಿರೋದು ನೀವೇ ನೋಡಿದೀರಲ್ಲ, ಆ ಅದಿರಿಂದ ಆದ ಕಬ್ಬಿಣ ಎಲ್ಲೆಲ್ಲಿ ಹೋಗ್ತೈತೆ?

ಕೆಮಿಸ್ಟ್ರಿ ಮೇಷ್ಟ್ರು (ಚಿತ್ರದುರ್ಗ):
ಗಣಿ ಮುಚ್ಚಿದ್ದು, ಗ್ಯಾಸ್ ಬಂದಿದ್ದು, ಎಲ್ಲ ನಿಜ, ಅದರ ಪಾಲೂ ಇದೆ. ಆದ್ರೆ ಪಶ್ಚಿಮ ಜರ್ಮನಿ ನೋಡಪ್ಪ. 70ರ ದಶಕದಲ್ಲಿ ಬ್ರಿಟನ್ ಜೊತೆ ನಿಂತು ಬೇಡ ಅಂತಿದ್ದ ದೇಶ ಅದು. ತಮ್ಮದೇ ಕಾಡು ಒಣಗ್ತಿದೆ ಅನ್ನೋ ಭಯ ಹುಟ್ಟಿದ ಮೇಲೆ 1982ರ ಹೊತ್ತಿಗೆ ಪೂರ್ತಿ ತಿರುಗಿಬಿಡ್ತು, 1983ರಲ್ಲಿ ದೊಡ್ಡ ವಿದ್ಯುತ್ ಸ್ಥಾವರಗಳಿಗೆ ಗಂಧಕ ತೆಗೆಯೋ ಯಂತ್ರ ಹಾಕ್ಲೇಬೇಕು ಅಂತ ಕಾನೂನು ತಂತು. ಕಾರ್ಖಾನೆ ಮುಚ್ಚಲಿಲ್ಲ, ಕಲ್ಲಿದ್ದಲು ಸುಡೋದೂ ನಿಲ್ಲಿಸ್ಲಿಲ್ಲ, ಚಿಮಣಿಗೆ ಸುಣ್ಣದ ನೀರಿನ ಸ್ನಾನ ಮಾಡಿಸಿದ್ರು ಅಷ್ಟೇ. ನಾವು ಖರ್ಚು ಮಾಡಿದ್ಮೇಲೆ ಪಕ್ಕದೋರೂ ಮಾಡ್ಲಿ, ಇಲ್ದಿದ್ರೆ ನಮ್ಮ ಕರೆಂಟೇ ದುಬಾರಿ ಆಗುತ್ತೆ ಅಂತ ಹೇಳಿ ಇಡೀ ಯುರೋಪಿಗೆ ಅದನ್ನ ಒತ್ತಾಯ ಮಾಡಿ 1988ರಲ್ಲಿ ಎಲ್ಲರಿಗೂ ಅನ್ವಯ ಆಗೋ ನಿರ್ದೇಶನ ತರಿಸಿದ್ರು. ಇದು ನೀತಿಯಿಂದಾನೇ ಆಗಿದ್ದು.

ವೇದಾವತಿ ಹಿರಿಯೂರು:
ಮೇಷ್ಟ್ರು ಕೊನೇಲಿ ಹೇಳಿದ ಮಾತಲ್ಲೇ ವಿಷಯ ಇದೆ, "ಪಕ್ಕದೋರೂ ಮಾಡ್ಲಿ" ಅನ್ನೋದು. ನಾನು ವಕೀಲೆ, ಕಾನೂನಿನ ಕಡೆಯಿಂದ ಹೇಳ್ತೀನಿ. 1957ರ ರೋಮ್ ಒಪ್ಪಂದದಲ್ಲಿ ಪರಿಸರದ ಬಗ್ಗೆ ಒಂದು ಅಧ್ಯಾಯನೂ ಇರ್ಲಿಲ್ಲ. ಅದಿದ್ದಿದ್ದು ವ್ಯಾಪಾರಕ್ಕೆ. ಒಂದು ದೇಶ ಕಾರಿನ ಹೊಗೆಗೆ ಒಂದು ಮಿತಿ ಹಾಕಿ ಇನ್ನೊಂದು ದೇಶ ಬೇರೆ ಮಿತಿ ಹಾಕಿದ್ರೆ ಕಾರು ಮಾರೋದು ಕಷ್ಟ, ಅದಕ್ಕೆ 1970ರಲ್ಲಿ ಕಾರಿನ ಹೊಗೆಗೆ, 1973ರಲ್ಲಿ ಡಿಟರ್ಜೆಂಟಿಗೆ ಸಮಾನ ನಿಯಮ ತಂದ್ರು. ಪರಿಸರ ಕಾರ್ಯಕ್ರಮ ಅಂತ ಮೊದಲನೇದು ಬಂದಿದ್ದು 1973ರಲ್ಲಿ, ಒಪ್ಪಂದದ ಒಳಗೇ ಪರಿಸರಕ್ಕೆ ಅಧಿಕೃತ ಜಾಗ ಸಿಕ್ಕಿದ್ದು 1987ರಲ್ಲಿ. ಮೂವತ್ತು ವರ್ಷ. ಮೊದಲು ಸಂತೆ, ಆಮೇಲೆ ಪರಿಸರ.

ಈಗ ನಮ್ಮ ಕಡೆ ನೋಡಿ. ದಕ್ಷಿಣ ಏಷ್ಯಾದ ದೇಶಗಳು ತಮ್ಮತಮ್ಮಲ್ಲಿ ಮಾಡೋ ವ್ಯಾಪಾರ ಅವುಗಳ ಒಟ್ಟು ವ್ಯಾಪಾರದಲ್ಲಿ ಶೇ 5ರ ಆಸುಪಾಸು. ಪಕ್ಕದ ಮನೆಯೋನ ಹತ್ರ ಏನೂ ಕೊಳ್ಳಲ್ಲ ಏನೂ ಮಾರಲ್ಲ ಅಂದ್ಮೇಲೆ ಅವನು ನನ್ನ ನಿಯಮ ಯಾಕೆ ಪಾಲಿಸ್ತಾನೆ? ಸಾರ್ಕ್ ಶೃಂಗಸಭೆನೇ 2014ರ ಕಠ್ಮಂಡು ನಂತರ ನಡೆದಿಲ್ಲ.

ಎರಡನೇದು ಕೋರ್ಟು. ಗ್ರೀಸ್ ದೇಶದ ಕ್ರೀಟ್ ದ್ವೀಪದಲ್ಲಿ ಒಂದು ಕಣಿವೆಗೆ ಕಸ ಸುರೀತಿದ್ರು. ಯುರೋಪಿನ ನ್ಯಾಯಾಲಯ ನಿಲ್ಲಿಸಿ ಅಂತ ತೀರ್ಪು ಕೊಡ್ತು, ನಿಲ್ಲಿಸ್ಲಿಲ್ಲ. 2000ನೇ ಇಸವಿಯಲ್ಲಿ ಅದೇ ಕೋರ್ಟು ಇಡೀ ದೇಶಕ್ಕೆ ದಿನಕ್ಕೆ 20,000 ಯೂರೋ ದಂಡ ಹಾಕ್ತು. ಒಂದು ಸ್ವತಂತ್ರ ದೇಶಕ್ಕೆ, ಒಂದು ಕಸದ ಗುಂಡಿ ಸಲುವಾಗಿ. ಅಂಥ ಕೋರ್ಟಿಗೆ ದಿಲ್ಲಿನೂ ಇಸ್ಲಾಮಾಬಾದೂ ತಲೆ ಬಾಗುತ್ತೆ ಅಂತ ಯಾರಾದ್ರೂ ಹೇಳ್ತೀರಾ? ಹಾಗಾಗಿ ಯುರೋಪಿನ ಮಾದರಿ ನಮಗೆ ನೇರವಾಗಿ ಕೂರಲ್ಲ ಅನ್ನೋದು ನನ್ನ ಅಭಿಪ್ರಾಯ.

ಕಲ್ಲಿನಕೋಟೆ:
ಮೇಡಂ ಸರಿಯಾಗಿ ಹೇಳಿದ್ರಿ. ನಾನು ಇನ್ನೂ ನೇರವಾಗಿ ಹೇಳ್ತೀನಿ. 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್‌ನಲ್ಲಿ ಪ್ರವಾಸಕ್ಕೆ ಹೋದ ನಮ್ಮ ಜನಾನ ಕೊಂದ್ರು, ಅದರಲ್ಲಿ ಕನ್ನಡದೋರೂ ಇದ್ರು. ಅದಾದ್ಮೇಲೆ ಭಾರತ ಸಿಂಧೂ ಜಲ ಒಪ್ಪಂದನ ಅಮಾನತಿನಲ್ಲಿಟ್ಟಿತು. ನನ್ನ ಪ್ರಕಾರ ಸರಿಯಾಗೇ ಮಾಡ್ತು. 1960ರಲ್ಲಿ ಪಶ್ಚಿಮದ ಮೂರು ನದಿ, ಸಿಂಧೂ, ಝೀಲಂ, ಚಿನಾಬ್ ಹೆಚ್ಚುಕಮ್ಮಿ ಪೂರ್ತಿ ಬಿಟ್ಕೊಟ್ಟು, ಮೂರು ಯುದ್ಧ ಆದ್ರೂ ನಾವು ಮುರೀಲಿಲ್ಲ, ಅದ್ರಿಂದ ನಮಗೆ ಸಿಕ್ಕಿದ್ದೇನು? ಈಗ ಗಾಳಿ ಅಳೀತೀವಿ ಡೇಟಾ ಕೊಡಿ ಅಂದ್ರೆ ಯಾಕೆ ಕೊಡ್ಬೇಕು?

ಆಮೇಲೆ ಡೇಟಾ ಅನ್ನೋದು ಅಷ್ಟು ಮುಗ್ಧ ಅಲ್ಲ. 2002ರಲ್ಲಿ ವಿಶ್ವಸಂಸ್ಥೆಯ ಪರಿಸರ ವಿಭಾಗ ಏಷ್ಯಾದ ಕಂದು ಮೋಡ ಅಂತ ಒಂದು ವರದಿ ತಂತು. ನಮ್ಮ ಕಟ್ಟಿಗೆ ಒಲೆ, ಬೆರಣಿ ಹೊಗೆನ ಜಗತ್ತಿನ ಮುಂದೆ ಅಪರಾಧಿ ಮಾಡಿ ನಿಲ್ಸಿದ್ರು. ಭಾರತದ ವಿಜ್ಞಾನಿಗಳು, ಸರ್ಕಾರ ಆಕ್ಷೇಪ ಮಾಡಿದ್ಮೇಲೆ ಹೆಸರಿಂದ ಏಷ್ಯಾ ಅನ್ನೋದನ್ನ ತೆಗೆದ್ರು. ಯಾರು ಅಳೀತಾರೋ ಅವರೇ ಆರೋಪ ಹೊರಿಸ್ತಾರೆ.

ಹಳೇಪೇಟೆ ಹುಡುಗ (ದಾವಣಗೆರೆ):
ಅಣ್ಣ, ಪಹಲ್ಗಾಮ್ ನೋವು ಎಲ್ಲರಿಗೂ ಇದೆ. ಆದ್ರೆ ನೀರಿಗೂ ಗಾಳಿಗೂ ಒಂದು ವ್ಯತ್ಯಾಸ ಇದೆಯಲ್ವಾ, ನೀರಿಗೆ ಗೇಟು ಹಾಕ್ಬಹುದು, ಗಾಳಿಗೆ ಹಾಕಕ್ಕಾಗಲ್ಲ. ವಿಶ್ವಬ್ಯಾಂಕ್ ದಕ್ಷಿಣ ಏಷ್ಯಾದ ಗಾಳಿ ಮೇಲೆ ಮಾಡಿದ ಅಧ್ಯಯನದಲ್ಲಿ ಆರು ದೊಡ್ಡ ವಾಯುವಲಯ, ಅಂದ್ರೆ ಒಂದೇ ಗಾಳಿ ಹಂಚ್ಕೊಳ್ಳೋ ಪ್ರದೇಶ, ಗುರ್ತಿಸಿದಾರೆ, ಅದರಲ್ಲಿ ಹಲವು ದೇಶದ ಗಡಿ ದಾಟಿ ಹರಡಿದಾವೆ. ಗಾಳಿ ವಾಯವ್ಯದಿಂದ ಆಗ್ನೇಯಕ್ಕೆ ಬೀಸೋವಾಗ ನಮ್ಮ ಪಂಜಾಬಿನ ಮಾಲಿನ್ಯದಲ್ಲಿ ಸುಮಾರು ಶೇ 30 ಪಾಕಿಸ್ತಾನದ ಪಂಜಾಬಿಂದ ಬರುತ್ತಂತೆ. ಇದು ನಮ್ಮೋರ ಎದೆಗೇ ಹೋಗೋದು. ನಾವು ಮಾತಾಡಲ್ಲ ಅಂದ್ರೆ ಅದನ್ನ ತಡೆಯೋರು ಯಾರು? ಹಾಗೇ ಢಾಕಾ, ಚಿತ್ತಗಾಂಗ್, ಖುಲ್ನಾ ಊರುಗಳ ಮಾಲಿನ್ಯದಲ್ಲಿ ಸರಾಸರಿ ಶೇ 30 ಭಾರತದಿಂದ ಹೋಗೋದು. ಒಂದು ಕಡೆ ನಾವು ಕೆಳಗಿನೋರು, ಇನ್ನೊಂದು ಕಡೆ ಮೇಲಿನೋರು.

2024ರಲ್ಲಿ ಪಾಕಿಸ್ತಾನದ ಪಂಜಾಬ್ ಮುಖ್ಯಮಂತ್ರಿ ಮರಿಯಮ್ ನವಾಜ್ ಹೊಗೆ ವಿಷಯಕ್ಕೆ ನಮ್ಮ ಪಂಜಾಬ್ ಮುಖ್ಯಮಂತ್ರಿಗೆ ಪತ್ರ ಬರೆಯೋ ಮಾತಾಡಿದ್ರು. ಹೊಗೆ ಬಂದಾಗ ಮಾತು ಬರುತ್ತೆ, ಹೊಗೆ ಹೋದ್ಮೇಲೆ ಮಾತೂ ಹೋಗುತ್ತೆ, ಅದು ನಂಗೆ ಬೇಜಾರು.

ಭದ್ರಾ ನಾಲೆ ರೈತ (ಮಲೇಬೆನ್ನೂರು):
ಇಲ್ಲಿತನಕ ಓದ್ಕೊಂತ ಬಂದೆ, ಎಲ್ಲರೂ ದೇಶ, ಕೋರ್ಟು, ಡೇಟಾ ಅಂತೀರಿ, ದುಡ್ಡು ಯಾರು ಕೊಡ್ತಾರೆ ಅಂತ ಒಬ್ರೂ ಕೇಳ್ಲಿಲ್ಲ. ಹೊಗೆ ಅಂದ ತಕ್ಷಣ ಕೂಳೆ ಸುಡೋ ರೈತ ನೆನಪಾಗ್ತಾನೆ. ಆ ರೈತ ಯಾಕೆ ಸುಡ್ತಾನೆ ಕೇಳ್ರಿ. ಪಂಜಾಬಿನಾಗೆ ಅಂತರ್ಜಲ ಬತ್ತುತ್ತೆ ಅಂತ 2009ರಲ್ಲಿ ಕಾನೂನು ಮಾಡಿ ಜೂನ್ 10ಕ್ಕೆ ಮುಂಚೆ ಭತ್ತ ನಾಟಿ ಮಾಡ್ಬೇಡಿ ಅಂದ್ರು. ಒಳ್ಳೇ ಉದ್ದೇಶಾನೇ. ಆದ್ರೆ ನಾಟಿ ತಡ ಆದ್ರೆ ಕೊಯ್ಲೂ ತಡ, ಗೋಧಿ ಬಿತ್ತಾಕೆ ಉಳಿಯೋದು ಕೆಲವೇ ದಿನ, ಕಂಬೈನ್ ಮಷಿನ್ ಮೊಳಕಾಲುದ್ದ ಕೂಳೆ ಬಿಟ್ಟು ಹೋಗ್ತೈತಿ, ಆಳು ಸಿಗಲ್ಲ, ಬೆಂಕಿ ಇಟ್ಟ. ನೀರು ಉಳಿಸಾಕೆ ಮಾಡಿದ ಕಾನೂನು ಗಾಳಿ ಕೆಡಿಸ್ತು. ನಮ್ಮ ಕಡೆ ಭತ್ತದ ಹುಲ್ಲಿಗೆ ಬೆಲೆ ಐತಿ, ದನ ಇರೋರು ತಗೊಂಡು ಹೋಗ್ತಾರೆ, ಮಷಿನ್‌ನಾಗೆ ಪೆಂಡಿ ಕಟ್ಟಿ ಮಾರ್ತಾರೆ, ಹಂಗಾಗಿ ಬೆಂಕಿ ಕಮ್ಮಿ. ರೇಟು ಸಿಕ್ರೆ ಯಾವ ರೈತನೂ ಹುಲ್ಲು ಸುಡಲ್ಲ.

ಯುರೋಪ್ ಅಂತೀರಲ್ಲ, ಅಲ್ಲಿ 2019ರಾಗೆ ನೆದರ್ಲೆಂಡ್ಸ್ ರೈತರು ಟ್ರ್ಯಾಕ್ಟರ್ ತಗೊಂಡು ಸರ್ಕಾರ ಕೂರೋ ಹೇಗ್ ಊರಿನ ಕಡೆ ಹೈವೇ ತುಂಬ ನಿಂತ್ರು. ಯಾಕೆ? ಯುರೋಪಿನ ಕಾಡು-ಪ್ರಾಣಿ ರಕ್ಷಣೆ ಕಾನೂನು ಹಿಡ್ಕೊಂಡು ಅಲ್ಲಿನ ದೊಡ್ಡ ಕೋರ್ಟು ದನದ ಸಗಣಿ-ಗಂಜಳದಿಂದೆಲ್ಲ ಏಳೋ ಸಾರಜನಕದ ಮೇಲೆ ತೀರ್ಪು ಕೊಡ್ತು, ದನ ಅರ್ಧಕ್ಕೆ ಇಳಿಸ್ರಿ ಅನ್ನೋ ಮಾತು ಬಂತು. ದೂರದೋರು ಮೇಜಿನ ಮ್ಯಾಲೆ ಬರೀತಾರೆ, ಹೊಲದೋನು ಕಟ್ತಾನೆ. ಅದೇ ಇಲ್ಲಿನೂ ಆಗ್ತೈತಿ, ಅದಕ್ಕೆ ನಂಗೆ ಹೆದ್ರಿಕೆ.

ಊರು ಬಿಟ್ಟವಳು:
ನಾನು ದಾವಣಗೆರೆಯವಳೇ, ಕೆಲಸಕ್ಕೆ ಅಂತ ಕೆಲವು ವರ್ಷ ಸಿಂಗಾಪುರದಲ್ಲಿದ್ದೆ. ಯುರೋಪ್ ಬಿಡಿ, ನಮ್ಮ ಥರದ ದೇಶಗಳ ಉದಾಹರಣೆ ಆಗ್ನೇಯ ಏಷ್ಯಾದಲ್ಲೇ ಇದೆ. ಇಂಡೊನೇಷ್ಯಾದಲ್ಲಿ ಪಾಮ್ ಎಣ್ಣೆ ತೋಟಕ್ಕೆ, ಪೇಪರ್ ತಿರುಳಿನ ಮರಕ್ಕೆ ಅಂತ ಜೌಗು ನೆಲ ಸುಡ್ತಾರೆ, ಆ ಹೊಗೆ ಸಮುದ್ರ ದಾಟಿ ಸಿಂಗಾಪುರ, ಮಲೇಷ್ಯಾಕ್ಕೆ ಬರುತ್ತೆ. 1997ರಲ್ಲಿ ಭಯಂಕರ ಆಗಿತ್ತು. 2002ರಲ್ಲಿ ಆಸಿಯಾನ್ ದೇಶಗಳು ಕೌಲಾಲಂಪುರದಲ್ಲಿ ಒಪ್ಪಂದ ಮಾಡಿದ್ವು. ಯಾರ ಹೊಗೆ ಸಲುವಾಗಿ ಒಪ್ಪಂದ ಆಯ್ತೋ ಆ ಇಂಡೊನೇಷ್ಯಾ ಅದನ್ನ ಅಂಗೀಕರಿಸಿದ್ದು 2014ರಲ್ಲಿ, ಹನ್ನೆರಡು ವರ್ಷದ ಮೇಲೆ. 2015ರಲ್ಲಿ ಮತ್ತೆ ಅಷ್ಟೇ ಕೆಟ್ಟ ಹೊಗೆ. ಬೆಳಿಗ್ಗೆ ಎದ್ದು ಎದುರಿನ ಬಿಲ್ಡಿಂಗ್ ಕಾಣ್ತಿರ್ಲಿಲ್ಲ, ಸ್ಕೂಲಿಗೆ ರಜೆ ಕೊಟ್ರು. ಒಬ್ಬರ ಒಳಗಿನ ವಿಷಯಕ್ಕೆ ಇನ್ನೊಬ್ಬರು ಕೈ ಹಾಕ್ಬಾರ್ದು ಅನ್ನೋದು ಆಸಿಯಾನ್ ನಿಯಮ, ಅದಕ್ಕೇ ಒಪ್ಪಂದದಲ್ಲಿ ದಂಡ ಇಲ್ಲ.

ಆದ್ರೆ ಸಿಂಗಾಪುರ ಒಂದು ದಾರಿ ಕಂಡ್ಕೊಂತು. 2014ರಲ್ಲಿ ತನ್ನದೇ ಕಾನೂನು ಮಾಡ್ತು, ಹೊರದೇಶದಲ್ಲಿ ಬೆಂಕಿ ಹಾಕಿದ ಕಂಪನಿಯಿಂದ ಸಿಂಗಾಪುರಕ್ಕೆ ಹೊಗೆ ಬಂದ್ರೆ ಆ ಕಂಪನಿ ಮೇಲೆ ಸಿಂಗಾಪುರದಲ್ಲೇ ಕೇಸು ಹಾಕ್ಬಹುದು ಅಂತ. ಸರ್ಕಾರನ ಮುಟ್ಟೋಕಾಗಲ್ಲ ಅಂದ್ರೆ ಕಂಪನಿನ ಮುಟ್ಟು. ಉಪಗ್ರಹದಿಂದ ಬೆಂಕಿ ಎಲ್ಲಿದೆ ಅಂತ ದಿನಾ ತೋರಿಸೋ ಹವಾಮಾನ ಕೇಂದ್ರನೂ ಅಲ್ಲೇ ಇದೆ, ಎಲ್ಲ ಆಸಿಯಾನ್ ದೇಶಕ್ಕೂ ಮಾಹಿತಿ ಹೋಗುತ್ತೆ. ಮೇಷ್ಟ್ರು ಹೇಳಿದ ಅಳತೆ ಅಲ್ಲಿದೆ, ಆದ್ರೆ ಅಳತೆ ಒಂದರಿಂದಾನೇ ಬೆಂಕಿ ಆರ್ಲಿಲ್ಲ ಅನ್ನೋದನ್ನ ನಾನು ಕಣ್ಣಾರೆ ನೋಡಿದೀನಿ.

ಮೊಳಕಾಲ್ಮೂರು ಎಕ್ಸ್‌ಪ್ರೆಸ್:
ಅಕ್ಕ ಹೇಳಿದ್ದಕ್ಕೆ ಸೇರಿಸ್ತೀನಿ. ಈ ಪಕ್ಕದ ದೇಶದ ನೀತಿ ಈಗ ದೂರದೋರಿಗೂ ಬರ್ತಾ ಐತೆ. ಯುರೋಪಿನೋರು 2023ರ ಅಕ್ಟೋಬರಿಂದ ಸಿಬ್ಯಾಮ್ ಅಂತ ಶುರು ಮಾಡಿದ್ರು, ಹೊರಗಿಂದ ಬರೋ ಕಬ್ಬಿಣ, ಸಿಮೆಂಟು, ಅಲ್ಯೂಮಿನಿಯಂ, ಗೊಬ್ಬರ ಇವನ್ನೆಲ್ಲ ಮಾಡೋವಾಗ ಎಷ್ಟು ಇಂಗಾಲ ಬಿಟ್ರಿ ಲೆಕ್ಕ ಕೊಡಿ ಅಂತ, 2026ರಿಂದ ಅದಕ್ಕೆ ದುಡ್ಡೂ ತೆರಬೇಕು. ಅವರೆಲ್ಲ ಕೂತು ಮಾಡಿದ ನೀತಿ, ನಾವು ಆ ಮೇಜಿನ ಮೇಲೇ ಇರ್ಲಿಲ್ಲ. ನಮ್ಮದೇ ಅಂತ ಒಂದು ಪ್ರಾದೇಶಿಕ ನೀತಿ ಇದ್ದಿದ್ರೆ ನಾವೆಲ್ಲ ಸೇರಿ ಮಾತಾಡಬಹುದಿತ್ತು. ನಾನು ಒಪ್ಪಂದಗಳ ವಿರೋಧಿ ಅಲ್ಲ, ಯುರೋಪ್‌ನ ದೇವರು ಮಾಡೋದರ ವಿರೋಧಿ.

ಹೊಳೆಸಾಲು ಹರಿಹರ:
ಮೇಷ್ಟ್ರೆ ಹೊಳೆ ವಿಷಯ ಏನಾರ ಐತೇನ್ರಿ? ಗಾಳಿ ಕಾಣ್ಸಲ್ಲ, ನೀರು ಕಣ್ಣಿಗೆ ಕಾಣ್ತೈತಿ.

ಕೆಮಿಸ್ಟ್ರಿ ಮೇಷ್ಟ್ರು (ಚಿತ್ರದುರ್ಗ):
ಇದೆ. ರೈನ್ ನದಿ. ಸ್ವಿಟ್ಜರ್ಲೆಂಡ್, ಫ್ರಾನ್ಸ್, ಜರ್ಮನಿ ದಾಟಿ ನೆದರ್ಲೆಂಡ್ಸ್‌ನಲ್ಲಿ ಸಮುದ್ರ ಸೇರುತ್ತೆ. 1986ರ ನವೆಂಬರ್ 1ರಂದು ಸ್ವಿಟ್ಜರ್ಲೆಂಡಿನ ಬಾಸೆಲ್ ಹತ್ರ ಸ್ಯಾಂಡೋಜ್ ಕಂಪನಿಯ ರಾಸಾಯನಿಕ ಗೋದಾಮಿಗೆ ಬೆಂಕಿ ಬಿತ್ತು. ಆರಿಸೋಕೆ ಹಾಕಿದ ನೀರೆಲ್ಲ ಕೀಟನಾಶಕ ಹೊತ್ತುಕೊಂಡು ಹೊಳೆಗೆ ಹೋಯ್ತು, ಒಂದು ಬಣ್ಣದ ರಾಸಾಯನಿಕದಿಂದ ನದಿ ಕೆಂಪಾಯ್ತು, ನೂರಾರು ಕಿಲೋಮೀಟರ್ ಕೆಳಗಿನ ತನಕ ಮೀನು ಸತ್ವು. ರೈನ್ ಆಯೋಗ ಅನ್ನೋದು 1950ರಿಂದಾನೇ ಇತ್ತು, ಅಲ್ಲಿತನಕ ಕೆಲಸ ನಿಧಾನಕ್ಕೆ ಸಾಗ್ತಿತ್ತು. ಈ ಬೆಂಕಿ ಆದ ಮರುವರ್ಷವೇ, 1987ರಲ್ಲಿ, ರೈನ್ ಕಾರ್ಯಯೋಜನೆ ಬಂತು, 2000ನೇ ಇಸವಿಗೆ ಸಾಲ್ಮನ್ ಮೀನು ಈ ನದಿಗೆ ವಾಪಸ್ ಬರಬೇಕು ಅನ್ನೋದೇ ಗುರಿ. ಬಂತು ಕೂಡ. ಆ ಆಯೋಗಕ್ಕೆ ದಂಡ ಹಾಕೋ ಅಧಿಕಾರ ಇಲ್ಲ ವೇದಾವತಿಯವರೇ, ಅದು ನೆನಪಿರಲಿ.

ವೇದಾವತಿ ಹಿರಿಯೂರು:
ಇಲ್ಲ ಸರ್, ಆದ್ರೆ ಆಯೋಗದ ಹಿಂದೆ ಬೇರೆ ಕೋರ್ಟುಗಳಿದ್ವು. ರಾಟರ್‌ಡ್ಯಾಮ್ ಬಂದರಿನ ಹೂಳೆಲ್ಲ ವಿಷ ಆಗಿತ್ತು, ಅದನ್ನ ಎತ್ತಿ ಎಲ್ಲಿ ಹಾಕೋದು ಅಂತ ತಿಳೀದೆ ಆ ಊರಿನೋರು ಮೇಲಿನ ಕಾರ್ಖಾನೆಗಳ ಮೇಲೆ ಕೇಸು ಹಾಕ್ತೀವಿ ಅಂತ ಕೂತ್ರು, ಕಾರ್ಖಾನೆಗಳು ಒಂದೊಂದಾಗಿ ಮಾತುಕತೆಗೆ ಬಂದ್ವು. ನಮ್ಮ ಮೇಲೆ ಕೇಸು ಬೀಳಬಹುದು ಅನ್ನೋ ಭಯ ಇದ್ದಾಗ ಮಾತ್ರ ಮಾತಿಗೆ ಬೆಲೆ.

ಅದಕ್ಕಿಂತ ಮುಖ್ಯ, ಮಲೇಬೆನ್ನೂರಿನ ಅಣ್ಣನ ಪ್ರಶ್ನೆಗೆ ಉತ್ತರ ರೈನ್‌ನಲ್ಲೇ ಇದೆ. ಫ್ರಾನ್ಸಿನ ಅಲ್ಸಾಸ್ ಕಡೆ ಪೊಟ್ಯಾಷ್ ಗಣಿಗಳು ಟನ್ನುಗಟ್ಲೆ ಉಪ್ಪನ್ನ ರೈನ್‌ಗೆ ಬಿಡ್ತಿದ್ವು. ಕೆಳಗೆ ನೆದರ್ಲೆಂಡ್ಸ್‌ನಲ್ಲಿ ಕುಡಿಯೋ ನೀರು, ತೋಟದ ಬೆಳೆ ಎಲ್ಲ ಹಾಳು. 1976ರಲ್ಲಿ ಬಾನ್‌ನಲ್ಲಿ ಒಪ್ಪಂದ ಆಯ್ತು. ಉಪ್ಪು ತಡೆಯೋ ಖರ್ಚು ಯಾರು ಕೊಡ್ಬೇಕು? ಫ್ರಾನ್ಸ್ ಶೇ 30, ಜರ್ಮನಿ ಶೇ 30, ಸ್ವಿಟ್ಜರ್ಲೆಂಡ್ ಶೇ 6, ನೆದರ್ಲೆಂಡ್ಸ್ ಶೇ 34. ಅಂದ್ರೆ ತೊಂದ್ರೆ ಅನುಭವಿಸೋನೇ ಎಲ್ಲರಿಗಿಂತ ಜಾಸ್ತಿ ಕೊಟ್ಟ. ಅಷ್ಟಾದ್ರೂ ಫ್ರಾನ್ಸಿನಲ್ಲಿ ಸ್ಥಳೀಯರ ವಿರೋಧದಿಂದ ಅದು ಜಾರಿಗೆ ಬರೋಕೆ 1985 ಆಯ್ತು.

ಕಲ್ಲಿನಕೋಟೆ:
ಇದು ನ್ಯಾಯಾನಾ? ಉಪ್ಪು ಹಾಕಿದೋನು 30, ಉಪ್ಪು ಕುಡಿದೋನು 34? ಕೆಡಿಸಿದೋನು ಕೊಡಬೇಕು ಅನ್ನೋ ತತ್ವ ಎಲ್ಲಿ ಹೋಯ್ತು? ಇದನ್ನೇ ಇಲ್ಲಿಗೆ ತಂದ್ರೆ ನಾಳೆ ಲಾಹೋರಿನ ಇಟ್ಟಿಗೆ ಗೂಡಿಗೆ ಹೊಸ ಒಲೆ ಹಾಕೋಕೆ ನಮ್ಮ ತೆರಿಗೆ ದುಡ್ಡು ಕೊಡಿ ಅಂತಾರೆ. ನಾನು ಒಪ್ಪಲ್ಲ.

ವೇದಾವತಿ ಹಿರಿಯೂರು:
ನ್ಯಾಯ ಅಂತ ನಾನೂ ಹೇಳ್ಲಿಲ್ಲ ಅಣ್ಣ. ನ್ಯಾಯಕ್ಕೆ ಕಾಯ್ತಾ ಕೂತಿದ್ರೆ ಉಪ್ಪು ನೀರು ಕುಡಿಯೋದು ಅವರ ಮಕ್ಕಳೇ, ಆ ಲೆಕ್ಕ ಹಾಕಿ ಅವರು ಕೊಟ್ರು. ಪಾಕಿಸ್ತಾನಕ್ಕೆ ಕೊಡೋ ಮಾತು ಬಿಡಿ, ನಮ್ಮ ದೇಶದ ಒಳಗೇ ದಿಲ್ಲಿ ಹರಿಯಾಣಕ್ಕೆ, ಪಂಜಾಬಿಗೆ ಕೊಡಲಿ. ದಿಲ್ಲಿ ಮತ್ತೆ ಸುತ್ತಲಿನ ನಾಲ್ಕು ರಾಜ್ಯಕ್ಕೆ ಸೇರಿ 2021ರಲ್ಲಿ ಕಾಯ್ದೆ ಮಾಡಿ ಒಂದು ವಾಯು ಗುಣಮಟ್ಟ ಆಯೋಗ ಮಾಡಿದಾರೆ, ಅದಕ್ಕೆ ದಂಡದ ಅಧಿಕಾರ ಇದೆ. ಆದ್ರೆ ರೈತನ ಕೂಳೆಗೆ ಬೆಲೆ ಸಿಗೋ ವ್ಯವಸ್ಥೆ ಇನ್ನೂ ಗಟ್ಟಿಯಾಗಿಲ್ಲ. ದಂಡ ಇದೆ, ಪಾಲು ಇಲ್ಲ. ಪಾಲಿಲ್ಲದ ದಂಡ ರೈತ ಯಾಕೆ ಒಪ್ತಾನೆ?

ಇನ್ನೊಂದು, ನೆರೆಹೊರೆ ಅಂದ್ರೆ ಪಾಕಿಸ್ತಾನ ಒಂದೇನಾ? ಬಾಂಗ್ಲಾದ ಜೊತೆ 1996ರ ಗಂಗಾ ಒಪ್ಪಂದದ 30 ವರ್ಷದ ಅವಧಿ 2026ರ ಡಿಸೆಂಬರ್‌ಗೆ ಮುಗಿಯುತ್ತೆ. ಅದ್ರಲ್ಲಿರೋದು ಗಂಗೆಯ ಫರಕ್ಕಾ ಬ್ಯಾರೇಜ್‌ನಲ್ಲಿ ಯಾರಿಗೆಷ್ಟು ನೀರು ಅನ್ನೋ ಲೆಕ್ಕ. ಹೊಸದಾಗಿ ಬರೆಯೋವಾಗ ನೀರಿನ ಗುಣಮಟ್ಟ, ಹೂಳು, ಸುಂದರಬನದ ಮ್ಯಾಂಗ್ರೋವ್‌ಗೆ ಬೇಕಾದ ಸಿಹಿನೀರು, ಇವೆಲ್ಲ ಸೇರಿಸೋಕೆ ಇದಕ್ಕಿಂತ ಒಳ್ಳೆ ಅವಕಾಶ ಇಲ್ಲ. ಸುಂದರಬನ ಎರಡೂ ದೇಶದ್ದು, ಹುಲಿನೂ ಎರಡೂ ಕಡೆದು.

ಭದ್ರಾ ನಾಲೆ ರೈತ (ಮಲೇಬೆನ್ನೂರು):
ತಂಗಿ ಈಗ ಸರಿಯಾದ ಜಾಗಕ್ಕೆ ಬಂದ್ಲು. 34 ಪರ್ಸೆಂಟು ಓದಿ ನಂಗೆ ನಮ್ಮ ನಾಲೆ ನೆನಪಾತು. ಬೇಸಿಗೆ ಬೆಳೆಗೆ ನೀರು ಬಿಡೋವಾಗ ಮೇಲಿನೋರು ಪಂಪ್‌ಸೆಟ್ ಇಟ್ಟು ಎಳದ್ರೆ ಕೊನೇ ಭಾಗಕ್ಕೆ ನೀರು ಬರಲ್ಲ. ಕಾಡಾ (ಅಚ್ಚುಕಟ್ಟು ಪ್ರಾಧಿಕಾರ) ಸಭೆ ಆಗ್ತೈತಿ, ಗಲಾಟೆ ಆಗ್ತೈತಿ, ಹೈವೇ ತಡೀತೀವಿ. ಕಡಿಗೆ ಏನು ಮಾಡ್ತೀವಿ? ಇಂಥ ಕಡೆ ಗೇಜ್, ಅಂದ್ರೆ ನೀರಿನ ಮಟ್ಟದ ಅಳತೆ, ಎಷ್ಟಿರಬೇಕು ಅಂತ ಒಪ್ಕೊಂತೀವಿ, ಕೆಳಗಿನೋರೇ ಆಳು ಇಟ್ಟು ರಾತ್ರಿ ಪಾಳಿ ಕಾಯ್ತೀವಿ, ಕಾಯೋರ ಕೂಲಿ ಕೆಳಗಿನೋರೇ ಹಾಕ್ಕೊಂತೀವಿ. ನ್ಯಾಯ ಅಲ್ಲ ಖರೆ, ಗದ್ದೆ ಒಣಗಬಾರ್ದಲ್ಲ. ಗೇಜ್ ಮಾತ್ರ ಇಬ್ಬರ ಕಣ್ಣಮುಂದೇನೇ ನೋಡ್ಬೇಕು, ಮೇಲಿನ ಇಂಜಿನಿಯರ್ ಒಬ್ಬ ಬರಕೊಂಡು ಬಂದ್ರೆ ನಾವು ನಂಬಲ್ಲ. ಕೋಟೆ ಅಣ್ಣ ಡೇಟಾ ಬಗ್ಗೆ ಹೇಳಿದ್ದು ಅದಕ್ಕೇ ಸರಿ ಅನ್ನಿಸ್ತು, ಯಾರೋ ಅಳದು ನಮ್ಮ ಮ್ಯಾಲೆ ಹಾಕಿದ್ರೆ ನಡೆಯಲ್ಲ, ಇಬ್ಬರೂ ನಿಂತು ಅಳೀಬೇಕು.

ಕೆಮಿಸ್ಟ್ರಿ ಮೇಷ್ಟ್ರು (ಚಿತ್ರದುರ್ಗ):
ಅದೇ ಓಸ್ಲೋ-ಮಾಸ್ಕೋ ವಿಷಯ ಯಜಮಾನ್ರೆ. ನಮ್ಮಲ್ಲೂ ಅಂಥ ಒಂದು ಜಾಗ ಇಲ್ಲ ಅಂತಿಲ್ಲ. ಕಠ್ಮಂಡುವಿನಲ್ಲಿ 1983ರಿಂದ ಇಸಿಮೋಡ್ ಅನ್ನೋ ಪರ್ವತ ಅಧ್ಯಯನ ಸಂಸ್ಥೆ ಇದೆ, ಭಾರತ, ಪಾಕಿಸ್ತಾನ, ಚೀನಾ ಮೂರೂ ಅದರ ಸದಸ್ಯರು, ಜೊತೆಗೆ ನೇಪಾಳ, ಭೂತಾನ್, ಬಾಂಗ್ಲಾ, ಮ್ಯಾನ್ಮಾರ್, ಅಫ್ಘಾನಿಸ್ತಾನ. ಹಿಮನದಿ ಮೇಲೆ ಬೀಳೋ ಮಸಿ ಬಗ್ಗೆ ಅಲ್ಲಿ ಕೆಲಸ ನಡೆದಿದೆ. ಮಾಲೆ ಘೋಷಣೆಯ ಅಳತೆ ಕೆಲಸ ಬಹುಪಾಲು ಸ್ವೀಡನ್ ಕೊಟ್ಟ ನೆರವಿಂದ ನಡೀತು. ಯುರೋಪಿನೋರು ತಮ್ಮ ಅಳತೆಗೆ ತಾವೇ ದುಡ್ಡು ಹಾಕಿದ್ರು, ನಮ್ಮ ಅಳತೆಗೆ ಸ್ವೀಡನ್ ಹಾಕ್ತು. ಹಳೇಪೇಟೆ ಹುಡುಗ ಕೇಳಿದ ಯಾಕಾಗ್ಲಿಲ್ಲ ಅನ್ನೋದಕ್ಕೆ ನನ್ನ ಉತ್ತರ ಇದೇ, ಪಾಕಿಸ್ತಾನಕ್ಕಿಂತ ಮುಂಚೆ ಇದು. ಎಂಟು ದೇಶದಲ್ಲಿ ಒಬ್ಬರೂ ನಮ್ಮ ಗೇಜಿಗೆ ನಮ್ಮ ದುಡ್ಡು ಅಂತ ಮುಂದೆ ಬರ್ಲಿಲ್ಲ.

ಮೊಳಕಾಲ್ಮೂರು ಎಕ್ಸ್‌ಪ್ರೆಸ್:
ಈ ಮಾತು ಒಪ್ತೀನಿ. ನಮ್ಮ ತಾಲ್ಲೂಕಿಂದ ಆಂಧ್ರದ ರಾಯದುರ್ಗ ಕೂಗಳತೆ ದೂರ. ವೇದಾವತಿ ಹೊಳೆ ಹಿರಿಯೂರು ದಾಟಿ ಆಂಧ್ರಕ್ಕೆ ಹೋಗಿ ಹಗರಿ ಅನ್ನಿಸ್ಕೊಂಡು ಮತ್ತೆ ಬಳ್ಳಾರಿ ಕಡೆ ಬಂದು ತುಂಗಭದ್ರೆ ಸೇರ್ತಾಳೆ. 2022ರಲ್ಲಿ ವಾಣಿವಿಲಾಸ ಸಾಗರ 1933ರ ಮೇಲೆ ಮೊದಲ ಸಲ ಕೋಡಿ ಬಿದ್ದಾಗ ಆ ನೀರು ಆಂಧ್ರಕ್ಕೂ ಹೋಯ್ತು. ಯಾರಿಗೆಷ್ಟು ನೀರು ಅಂತ ಟ್ರಿಬ್ಯುನಲ್ ಐತೆ, ಹೊಳೆ ಮರಳಿನ ಬಗ್ಗೆ, ಎರಡೂ ಕಡೆ ಬೋರ್‌ವೆಲ್ ಆಳದ ಬಗ್ಗೆ, ನೀರಿನಾಗಿನ ಫ್ಲೋರೈಡ್ ಬಗ್ಗೆ ಎರಡೂ ರಾಜ್ಯದೋರು ಒಟ್ಟಿಗೆ ಕೂತು ಅಳೆದಿದ್ದು ನಾನಂತೂ ನೋಡಿಲ್ಲ. ಪಾಲಿನ ಲೆಕ್ಕ ಇಡೋ ನಾವು ಕೆಡೋದರ ಲೆಕ್ಕ ಇಡಲ್ಲ.

ಕಲ್ಲಿನಕೋಟೆ:
ಒಳಗೆ ಮಾಡೋದಕ್ಕೆ ನನ್ನ ವಿರೋಧ ಇಲ್ಲ. ನೇಪಾಳ, ಬಾಂಗ್ಲಾ, ಭೂತಾನ್, ಶ್ರೀಲಂಕಾ ಜೊತೆ ಒಂದೊಂದಾಗಿ ಮಾಡ್ಕೊಳ್ಳಿ, ಅದೂ ಸರಿ. ಪಾಕಿಸ್ತಾನದ ವಿಷಯದಲ್ಲಿ ಭಯೋತ್ಪಾದನೆ ನಿಲ್ಲೋತನಕ ಒಂದು ಗೇಜೂ ಬೇಡ, ಅದರಲ್ಲಿ ನನ್ನ ನಿಲುವು ಬದಲಾಗಲ್ಲ.

ಊರು ಬಿಟ್ಟವಳು:
ನಿಮ್ಮ ನಿಲುವು ಅರ್ಥ ಆಗುತ್ತೆ ಸರ್, ಆದ್ರೂ ಒಂದು ಕೇಳ್ತೀನಿ, ಉಪಗ್ರಹದ ಚಿತ್ರ ಯಾರ ಒಪ್ಪಿಗೆನೂ ಕೇಳಲ್ಲ. ಅವರ ಕಡೆ ಎಷ್ಟು ಬೆಂಕಿ ನಮ್ಮ ಕಡೆ ಎಷ್ಟು ಅಂತ ಇವತ್ತು ಯಾರು ಬೇಕಾದ್ರೂ ಕಂಪ್ಯೂಟರ್‌ನಲ್ಲಿ ನೋಡಬಹುದು. ಹೇಗೂ ಗೊತ್ತಿರೋ ಅಂಕಿನ ಇಬ್ಬರು ವಿಜ್ಞಾನಿಗಳು ಕೂತು ತಾಳೆ ನೋಡಿದ್ರೆ ನಾವು ಕಳ್ಕೊಳ್ಳೋದೇನು? ಅಮೃತಸರದ ಮಗು ಉಸಿರಾಡೋದಕ್ಕಿಂತ ಅದು ದೊಡ್ಡದಾ?

ಹಳೇಪೇಟೆ ಹುಡುಗ (ದಾವಣಗೆರೆ):
ನನ್ನ ಪ್ರಶ್ನೆ ದೇಶದಿಂದ ಶುರುವಾಗಿ ಗೇಜಿಗೆ ಬಂತು, ಖುಷಿ ಆಯ್ತು. ನಮ್ಮೂರಿಂದಾನೇ ಒಂದು ಕೇಳ್ತೀನಿ. ಮಂಡಕ್ಕಿ ಭಟ್ಟಿ ಹೊಗೆ ಬಗ್ಗೆ ಊರೆಲ್ಲ ಬೈತಾರೆ, ಆ ಭಟ್ಟಿ ಮಂಡಕ್ಕಿನ ಊರೆಲ್ಲ ತಿಂತಾರೆ. ಬೆಂಕಿ ಮುಂದೆ ಕೂತು ದುಡಿಯೋ ಕುಟುಂಬಕ್ಕೆ ಹೊಗೆ ಕಮ್ಮಿ ಮಾಡೋ ಒಲೆ ಹಾಕಿಸ್ಕೊಳ್ಳೋ ಶಕ್ತಿ ಇಲ್ಲ. ಎನ್‌ಕ್ಯಾಪ್ ದುಡ್ಡಲ್ಲಿ ಆ ಒಲೆಗೆ ಎಷ್ಟು ಹೋಯ್ತು, ರಸ್ತೆಗೆ ನೀರು ಚಿಮುಕಿಸೋಕೆ ಎಷ್ಟು ಹೋಯ್ತು ಅಂತ ಮಾಹಿತಿ ಹಕ್ಕಲ್ಲಿ ಕೇಳ್ಬೇಕು ಅಂತಿದೀನಿ. ವೇದಾವತಿ ಅಕ್ಕ, ಅರ್ಜಿ ಪಾಲಿಕೆಗೆ ಹಾಕ್ಲಾ, ಮಂಡಳಿಗೆ ಹಾಕ್ಲಾ?

ವೇದಾವತಿ ಹಿರಿಯೂರು:
ಎರಡಕ್ಕೂ ಹಾಕು. ಪಾಲಿಕೆಗೆ ಖರ್ಚಿನ ವಿವರ ಕೇಳು, ವರ್ಷವಾರು, ಕೆಲಸವಾರು. ಮಂಡಳಿಗೆ ಗಾಳಿಯ ಅಳತೆ ಕೇಳು, ಎಲ್ಲೆಲ್ಲಿ ಯಂತ್ರ ಇದೆ, ಎಷ್ಟು ದಿನ ಕೆಟ್ಟು ನಿಂತಿತ್ತು ಅನ್ನೋದೂ ಸೇರಿಸಿ. ಹೊಳೆಸಾಲು ಅಣ್ಣ, ನೀವು ಎರಡು ಜಿಲ್ಲೆದು ಅಂದ್ರಲ್ಲ, ವ್ಯಾಪ್ತಿ ಅಲ್ಲ ಅಂತ ಬಾಯಲ್ಲಿ ಹೇಳಿದ್ದನ್ನ ಎರಡೂ ಆಫೀಸಿಂದ ಬರಹದಲ್ಲಿ ತಗೊಳ್ಳಿ. ಆ ಎರಡು ಕಾಗದ ಕೈಲಿದ್ರೆ ಚೆನ್ನೈನ ಹಸಿರು ಪೀಠಕ್ಕೆ (ಪರಿಸರ ಕೇಸು ನೋಡೋ ರಾಷ್ಟ್ರೀಯ ನ್ಯಾಯಮಂಡಳಿ) ಅರ್ಜಿ ನಾನೇ ಬರೆದುಕೊಡ್ತೀನಿ.

ಹೊಳೆಸಾಲು ಹರಿಹರ:
ಸೋಮವಾರ ಎರಡೂ ಕಡೆ ಹೋಗಿ ಬರ್ತೀನವ್ವ. ಕೊಡ್ಲಿಲ್ಲ ಅಂದ್ರೆ ರಿಜಿಸ್ಟರ್ ಪೋಸ್ಟ್ ಮಾಡ್ತೀನಿ.